ಹಚ್ಚಿಕೊಂಡ ಮೇಲೆ ಕಳುಹಿಸಿಕೊಡುವುದು: ಫಾಸ್ಟರ್ ನಾಯಿಯನ್ನು ಬೀಳ್ಕೊಡುವವರಿಗೆ

ಫಾಸ್ಟರ್ ಎಂಬ ಮಾತಿಗೆ ಕನ್ನಡದಲ್ಲಿ ಒಂದು ಹೆಸರು ಇನ್ನೂ ಕುದುರಿಲ್ಲ. ಬೀದಿಯಲ್ಲಿ ಸಿಕ್ಕ ಮರಿಯನ್ನೋ, ಗಾಡಿಗೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿಯನ್ನೋ ಕೆಲವು ವಾರ ಮನೆಯಲ್ಲಿಟ್ಟುಕೊಂಡು, ಔಷಧಿ ಹಾಕಿ, ಲಸಿಕೆ ಕೊಡಿಸಿ, ಸಾಕುವವರು ಸಿಕ್ಕಾಗ ಒಪ್ಪಿಸುವ ಕೆಲಸ ಅದು. ನಮ್ಮ ಅತ್ತೆಯವರು ಮಾತ್ರ ಮೊದಲ ನಾಯಿ ಬಂದ ವಾರದಲ್ಲೇ ಇದಕ್ಕೆ ಹೆಸರಿಟ್ಟರು: ಬಾಣಂತನ. ‘ತವರಿಗೆ ಬಂದವಳು ಐದು ತಿಂಗಳು ಇದ್ದು ಹೊರಟರೆ ತವರಿನವರು ಕೈಬಿಟ್ಟರು ಎಂದು ಯಾರಾದರೂ ಹೇಳುತ್ತಾರೆಯೇ?’ ಎಂದು ನನ್ನನ್ನೇ ಕೇಳಿದ್ದರು. ಅಷ್ಟು ಸಲೀಸಾಗಿ ಹೇಳಿದವರು, ಚಕ್ಕುಲಿ ಎಂಬ ನಾಯಿ ಹೊರಟ ದಿನ ಬಾಗಿಲವರೆಗೂ ಬರಲಿಲ್ಲ. ಅಡುಗೆಮನೆಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಲೇ ಇದ್ದರು. ಆ ದಿನದ ಸಾರಿಗೆ ಬೇಕಾದುದಕ್ಕಿಂತ ಮೂರು ಪಟ್ಟು ಕಾಳು ಸುಲಿದಿದ್ದರು.

ಆರು ವರ್ಷಗಳಲ್ಲಿ ಬೆಂಗಳೂರಿನ ವಿಜಯನಗರದ ನಮ್ಮ ಬಾಡಿಗೆ ಮನೆಯಿಂದ ಹನ್ನೊಂದು ನಾಯಿಗಳು ಹೋಗಿವೆ, ಒಂದು ಉಳಿದಿದೆ. ಹನ್ನೊಂದು ಸಲವೂ ನಾನು ಅತ್ತಿದ್ದೇನೆ. ಹಾಗಾಗಿ ಅಳು ಬಾರದಂತೆ ತಡೆಯುವ ಉಪಾಯವನ್ನು ನನ್ನಿಂದ ನಿರೀಕ್ಷಿಸಬೇಡಿ. ಅತ್ತುಕೊಂಡೇ ಕೆಲಸವನ್ನು ಕೆಡಿಸದೆ ಮುಗಿಸುವುದು ಹೇಗೆ ಎಂಬುದಷ್ಟೇ ನನಗೆ ಗೊತ್ತು. ಏಕೆಂದರೆ ಕೆಡಿಸಿದ್ದೂ ಇದೆ. ಒಳ್ಳೆಯ ಮನೆಯನ್ನು ನೆಪ ಹುಡುಕಿ ತಿರಸ್ಕರಿಸಿದ್ದೇನೆ, ಹೋದ ನಾಯಿಯ ಹೊಸ ಮನೆಯವರಿಗೆ ದಿನಕ್ಕೆ ಮೂರು ಸಲ ಫೋನ್ ಮಾಡಿ ಕಾಡಿದ್ದೇನೆ. ಅವೆಲ್ಲ ನನ್ನ ಸಂಕಟ ನಾಯಿಯ ಪರವಾಗಿ ತೀರ್ಮಾನ ಮಾಡಲು ಹೊರಟಾಗ ಆದ ಎಡವಟ್ಟುಗಳು.

1. ಬಂದ ದಿನವೇ ಹೋಗುವ ತಾರೀಖು ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲ ಪುಟದಲ್ಲಿ ಬಂದ ದಿನ, ತೂಕ, ಸಿಕ್ಕ ಜಾಗ. ಅದರ ಕೆಳಗೆ, ಅಂದಾಜಾದರೂ ಸರಿ, ಹೊರಡುವ ದಿನ. ಲಸಿಕೆಯ ಲೆಕ್ಕ ಹಿಡಿದರೆ ಈ ತಾರೀಖು ತಾನಾಗಿ ಸಿಗುತ್ತದೆ. ಮರಿಗೆ 6ರಿಂದ 8 ವಾರಕ್ಕೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು–ನಾಲ್ಕು ವಾರಕ್ಕೊಂದರಂತೆ 16 ವಾರದವರೆಗೆ, ರೇಬೀಸ್ ಲಸಿಕೆ ಮೂರು ತಿಂಗಳಿಗೆ. ಕನಿಷ್ಠ ಎರಡು ಚುಚ್ಚುಮದ್ದು ಆಗದೆ ನಾನು ಮರಿಯನ್ನು ಕೊಡುವುದಿಲ್ಲ. ಪಾರ್ವೋ ಎಂಬ ವೈರಸ್ ಕಾಯಿಲೆ ಈ ವಯಸ್ಸಿನ ಮರಿಗಳನ್ನು ಎರಡು ಮೂರು ದಿನಗಳಲ್ಲಿ ಮುಗಿಸಿಬಿಡುತ್ತದೆ. ಇನ್ನು ತಾಯಿ ಜೊತೆಗಿರುವ ಮರಿಯಾದರೆ ಎಂಟು ವಾರಕ್ಕೆ ಮೊದಲು ಬೇರ್ಪಡಿಸುವ ಮಾತೇ ಬೇಡ.

ಬರೆದ ತಾರೀಖು ಹಿಂದೆ ಮುಂದೆ ಆಗುತ್ತದೆ, ಆಗಲಿ. ಚಕ್ಕುಲಿಗೆ ನಾನು ಬರೆದದ್ದು ಆರು ವಾರ, ಅವಳಿದ್ದದ್ದು ಹನ್ನೊಂದು. ಹೆಣ್ಣು, ಮೇಲಾಗಿ ಬೀದಿಯದು, ಕೇಳುವವರು ಕಡಿಮೆ. ಆದರೂ ಪುಟದ ಮೇಲಿನ ಆ ಎರಡನೆಯ ಸಾಲು ಮನೆಯವರೆಲ್ಲರ ಕಣ್ಣಿಗೂ ಬೀಳುತ್ತಿತ್ತು. ನಮ್ಮ ಮಗ ಗೆಳೆಯರ ಹತ್ತಿರ ‘ನಮ್ಮ ಮನೆಗೆ ಬಂದಿರುವ ನಾಯಿ’ ಎಂದೇ ಹೇಳುತ್ತಿದ್ದ.

ಹೆಸರಿಡಬೇಕೇ? ಇಡಿ. ಹೆಸರಿಡದಿದ್ದರೆ ಪ್ರೀತಿ ಕಡಿಮೆಯಾಗುತ್ತದೆ ಎಂಬುದು ಸುಳ್ಳು. ಅವಳ ಬಾಲ ನೋಡಿದವರು ಯಾರೇ ಆದರೂ ಚಕ್ಕುಲಿ ಎಂದೇ ಕರೆಯುತ್ತಿದ್ದರು.

2. ‘ಹಚ್ಚಿಕೊಳ್ಳಬೇಡ’ ಎನ್ನುವವರ ಮಾತು ಕೇಳಬೇಡಿ

ನೆಂಟರು, ನೆರೆಯವರು, ಕೆಳಗಿನ ಮನೆಯ ಮಾಲೀಕರು ಎಲ್ಲರೂ ಕೊಡುವ ಬುದ್ಧಿಮಾತು ಇದೊಂದೇ. ಮೊದಲ ಸಲ ನಾನು ಇದನ್ನು ಪಾಲಿಸಲು ಹೋಗಿದ್ದೆ. ಮರಿಯನ್ನು ಹಿಂದಿನ ಬಾಲ್ಕನಿಯಲ್ಲಿ ಇಟ್ಟು, ಊಟ ಹಾಕಿ, ಬಾಗಿಲು ಮುಚ್ಚಿ ಬರುತ್ತಿದ್ದೆ. ಆ ಮರಿ ಹೊಸ ಮನೆಗೆ ಹೋದಾಗ ಸೋಫಾ ಕೆಳಗೆ ಸೇರಿಕೊಂಡು ನಾಲ್ಕು ದಿನ ಹೊರಗೆ ಬರಲಿಲ್ಲ.

ಮೂರನೆಯ ವಾರದಿಂದ ಹನ್ನೆರಡು–ಹದಿನಾಲ್ಕನೆಯ ವಾರದವರೆಗೆ ಮರಿ ಲೋಕವನ್ನು ನಂಬಲು ಕಲಿಯುವ ಕಾಲ. ಮನುಷ್ಯರ ಕೈ, ಮಿಕ್ಸಿಯ ಸದ್ದು, ಮಕ್ಕಳ ಕಿರುಚಾಟ, ಗ್ಯಾಸ್ ಸಿಲಿಂಡರಿನ ಗಾಡಿ, ಇವೆಲ್ಲ ಹೆದರುವಂಥದ್ದಲ್ಲ ಎಂದು ಆಗ ತಿಳಿದರೆ ಜೀವಮಾನಕ್ಕೆ ತಿಳಿದಂತೆ. ಆ ವಾರಗಳಲ್ಲಿ ಪ್ರೀತಿಯನ್ನು ಅಳೆದು ಸುರಿದರೆ ನಷ್ಟ ನಾಯಿಯದು.

ಹಚ್ಚಿಕೊಳ್ಳದೆ ಇರುವುದು ನಮ್ಮ ಕೈಯಲ್ಲೂ ಇಲ್ಲ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಮಿಹೊ ನಾಗಸಾವಾ ಮತ್ತು ಸಂಗಡಿಗರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ನಾಯಿ ಮತ್ತು ಅದರ ಮನುಷ್ಯ ಒಬ್ಬರನ್ನೊಬ್ಬರು ಕಣ್ಣಲ್ಲಿ ಕಣ್ಣಿಟ್ಟು ಹೆಚ್ಚು ಹೊತ್ತು ನೋಡಿದಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಏರಿತ್ತು. ತಾಯಿಯನ್ನೂ ಕೂಸನ್ನೂ ಬೆಸೆಯುವ ಹಾರ್ಮೋನು ಅದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ. ನಾಯಿ ಹೊರಟಾಗ ಕರುಳು ಚುರ್ ಎಂದರೆ ನೀವು ಅತಿಯಾಗಿ ಆಡುತ್ತಿದ್ದೀರಿ ಎನ್ನುವವರಿಗೆ ಇದನ್ನು ಹೇಳಿ. ಹೇಳದಿದ್ದರೂ ನಡೆಯುತ್ತದೆ, ಅವರು ಕೇಳುವುದಿಲ್ಲ.

3. ನಿಮ್ಮ ನಾಯಿಯಾಗಿ ಬೆಳೆಸಬೇಡಿ, ಯಾರ ಮನೆಗಾದರೂ ಹೊಂದುವಂತೆ ಬೆಳೆಸಿ

ಎಷ್ಟು ಬೇಕಾದರೂ ಮುದ್ದಿಸಿ. ಅಭ್ಯಾಸಗಳ ವಿಷಯದಲ್ಲಿ ಮಾತ್ರ ಎಚ್ಚರವಿರಲಿ. ಮಳೆ ಬಂತೆಂದು ಒಂದು ರಾತ್ರಿ ಹಾಸಿಗೆಗೆ ಹತ್ತಿಸಿಕೊಂಡರೆ, ಹಾಸಿಗೆ ಹತ್ತಿಸದ ಮನೆಯಲ್ಲಿ ಅದು ಮೂರು ವಾರ ಗೋಳಾಡುತ್ತದೆ. ಆ ಗೋಳಾಟದ ವಿಡಿಯೊ ಮಧ್ಯರಾತ್ರಿ ನಿಮಗೇ ಬರುತ್ತದೆ. ಆಗ ನಿಮಗೂ ನಿದ್ದೆಯಿಲ್ಲ.

ಮೊದಲ ವಾರದಿಂದಲೇ ದಿನಕ್ಕೆ ಸ್ವಲ್ಪ ಹೊತ್ತು ಒಂಟಿಯಾಗಿ ಬಿಡಿ, ಐದು ನಿಮಿಷದಿಂದ ಆರಂಭಿಸಿ ಒಂದೂವರೆ ಗಂಟೆಯವರೆಗೆ. ಊಟವನ್ನು ಒಬ್ಬರೇ ಹಾಕಬೇಡಿ, ಮನೆಯವರೆಲ್ಲ ಸರದಿಯಲ್ಲಿ ಹಾಕಲಿ. ಲಸಿಕೆ ಪೂರ್ತಿಯಾಗದ ಮರಿಯನ್ನು ರಸ್ತೆಗೆ ಇಳಿಸುವಂತಿಲ್ಲವಾದರೂ ಎತ್ತಿಕೊಂಡು ಹೋಗಬಹುದು. ನಾನು ಚಕ್ಕುಲಿಯನ್ನು ಭುಜದ ಮೇಲೆ ಹಾಕಿಕೊಂಡು ತರಕಾರಿ ಮಾರುಕಟ್ಟೆಯ ತನಕ ಹೋಗುತ್ತಿದ್ದೆ. ಸೊಪ್ಪಿನವರು, ಹೂವಿನವರು ಎಲ್ಲರೂ ಮುಟ್ಟಿ ಮಾತಾಡಿಸುತ್ತಿದ್ದರು. ತಿಂಗಳಿಗೆ ಎರಡು ರಾತ್ರಿ ಗೆಳತಿಯ ಮನೆಯಲ್ಲಿ ಮಲಗಿಸುತ್ತಿದ್ದೆ. ನಾನಿಲ್ಲದೆಯೂ ಅವಳು ಗೊರಕೆ ಹೊಡೆದು ಮಲಗಿದಳು ಎಂದು ಕೇಳಿದಾಗ ಒಂದು ಬಗೆಯ ಸಣ್ಣ ಅಸೂಯೆ ಆಯಿತು. ಅಂಥ ಚುಚ್ಚು ಆಗಾಗ ಸ್ವಲ್ಪ ಸ್ವಲ್ಪವೇ ಆಗಿಬಿಟ್ಟರೆ ಕೊನೆಯ ದಿನಕ್ಕೆ ಉಳಿಯುವ ನೋವಿನ ಗಂಟು ಚಿಕ್ಕದಾಗುತ್ತದೆ.

ತಿನಿಸೂ ಹಾಗೆಯೇ. ನಮ್ಮ ಮನೆಯ ನಿಯಮ ಅನ್ನ, ಬೇಯಿಸಿದ ಕೋಳಿ, ಮೊಟ್ಟೆ. ಅತ್ತೆಯವರ ನಿಯಮ ಬೇರೆ. ಅಡುಗೆಮನೆಗೆ ನಾಯಿ ಬರಕೂಡದು ಎಂದು ಗೆರೆ ಎಳೆದವರು, ಗೆರೆಯ ಆಚೆ ತಾವೇ ಹೋಗಿ ಹಾಲು ಕುಡಿಸುತ್ತಿದ್ದರು. ಹಸುವಿನ ಹಾಲು ಅನೇಕ ಮರಿಗಳಿಗೆ ಭೇದಿ ತರುತ್ತದೆ. ಅವರಿಗೆ ಇದನ್ನು ಹೇಳಿ ಸಾಕಾಗಿದೆ.

4. ಇಟ್ಟುಕೊಳ್ಳುವ ಮಾತನ್ನು ಬೇಗ ಮುಗಿಸಿ

ಪ್ರತಿ ಮನೆಯಲ್ಲೂ ಒಂದು ರಾತ್ರಿ ಯಾರಾದರೊಬ್ಬರು ‘ನಾವೇ ಇಟ್ಟುಕೊಂಡರೆ?’ ಎನ್ನುತ್ತಾರೆ. ಹಾಗೆ ಉಳಿಸಿಕೊಂಡವರನ್ನು ನಮ್ಮ ವಲಯದಲ್ಲಿ ‘ಫಾಸ್ಟರ್ ಫೇಲ್’ ಎಂದು ಪ್ರೀತಿಯಿಂದ ಛೇಡಿಸುತ್ತಾರೆ. ನಾನೂ ಒಮ್ಮೆ ಫೇಲಾಗಿದ್ದೇನೆ. ಒಂದು ಕಣ್ಣು ಕಾಣದ, ವಯಸ್ಸಾದ ಗುಂಡಣ್ಣ ಹತ್ತು ತಿಂಗಳು ಕಾದರೂ ಒಂದೇ ಒಂದು ಫೋನ್ ಬರಲಿಲ್ಲ. ಇಟ್ಟುಕೊಂಡೆವು. ಅದರಲ್ಲಿ ಪಶ್ಚಾತ್ತಾಪವಿಲ್ಲ.

ಆದರೆ ಈ ಪ್ರಶ್ನೆಗೆ ಉತ್ತರ, ನಾಯಿ ಕೇಳುವವರ ಮೊದಲ ಫೋನ್ ಬರುವುದಕ್ಕೆ ಮುಂಚೆ ಸಿಗಬೇಕು. ಹೊರಡಲು ಮೂರು ದಿನ ಇರುವಾಗ ಇಟ್ಟುಕೊಳ್ಳುವ ಆಸೆ ಬಂದರೆ ಅದು ನಾಯಿ ಬೇಕೆಂಬ ಆಸೆಯಲ್ಲ, ಆ ದಿನ ಬಾರದಿರಲಿ ಎಂಬ ಆಸೆ. ಎರಡಕ್ಕೂ ಇರುವ ವ್ಯತ್ಯಾಸ ಕಾಗದದ ಮೇಲೆ ಲೆಕ್ಕ ಹಾಕಿದರೆ ತಿಳಿಯುತ್ತದೆ. ನಾಟಿ ನಾಯಿ ಚೆನ್ನಾಗಿ ನೋಡಿಕೊಂಡರೆ ಹನ್ನೆರಡು, ಹದಿನಾಲ್ಕು ವರ್ಷ ಬದುಕುತ್ತದೆ. ಅಷ್ಟು ವರ್ಷ ನೀವು ಎಲ್ಲಿರುತ್ತೀರಿ, ಬಾಡಿಗೆ ಮನೆ ಬದಲಾದರೆ ಏನು, ಊರಿಗೆ ಹೋದರೆ ಯಾರು? ಕಡೆಯದಾಗಿ, ಇದು ಉಳಿದರೆ ಮುಂದಿನದಕ್ಕೆ ಜಾಗ ಇದೆಯೇ? ನಮ್ಮ ಮನೆ ಮಾಲೀಕರು ಒಪ್ಪಿರುವುದು ‘ಒಂದು ಸ್ವಂತದ್ದು, ಒಂದು ಬಂದುಹೋಗುವುದು’ ಎಂಬ ಕರಾರಿಗೆ. ಚಕ್ಕುಲಿ ಉಳಿದಿದ್ದರೆ ಅವಳೇ ಕೊನೆಯ ನಾಯಿಯಾಗುತ್ತಿದ್ದಳು.

5. ಮನೆ ಹುಡುಕುವಾಗ ನಿಮ್ಮ ಸಂಕಟವನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಷ್ಟದ ಘಟ್ಟ ಇದು. ಬರುವ ಫೋನುಗಳನ್ನು ಕೇಳಿದರೆ ಯಾರನ್ನೂ ನಂಬಲು ಮನಸ್ಸಾಗುವುದಿಲ್ಲ. ‘ಗಂಡು ಮರಿ ಇಲ್ಲವೇ?’ ‘ಇದು ಯಾವ ಜಾತಿ?’ ‘ಜ್ಯೋತಿಷಿಗಳು ಕರಿ ನಾಯಿ ಸಾಕಲು ಹೇಳಿದ್ದಾರೆ, ಪೂರ್ತಿ ಕರಿ ಇದೆಯೇ, ಎದೆಯ ಮೇಲೆ ಬಿಳಿ ಮಚ್ಚೆ ಇದ್ದರೆ ಬೇಡ.’ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಕುಳಿತು ಮುಧೋಳ ನಾಯಿ ಕೊಡಿಸಿ ಎಂದವರೂ ಇದ್ದಾರೆ. ಬಯಲಿನಲ್ಲಿ ಮೊಲ ಅಟ್ಟಿಸಿಕೊಂಡು ಓಡಲು ಹುಟ್ಟಿದ ತಳಿ ಅದು, ಪಾಪ. ಏಪ್ರಿಲ್ ತಿಂಗಳಲ್ಲಿ ಮಕ್ಕಳ ರಜೆಗೆಂದು ಕೇಳುವವರ ಬಗ್ಗೆ ವಿಶೇಷ ಎಚ್ಚರ ಇರಲಿ. ಜೂನ್‌ನಲ್ಲಿ ಶಾಲೆ ಶುರುವಾದ ಕೂಡಲೇ ಮರಿ ಭಾರವಾಗುತ್ತದೆ. ನಮ್ಮ ಹನ್ನೊಂದರಲ್ಲಿ ಒಂದು ಹೀಗೇ ಹಿಂದಕ್ಕೆ ಬಂತು. ತೋಟ ಕಾಯಲು ನಾಯಿ ಬೇಕೆನ್ನುವವರನ್ನು ರಾತ್ರಿ ಎಲ್ಲಿ ಮಲಗಿಸುತ್ತೀರಿ ಎಂದು ಕೇಳಿ. ಬನ್ನೇರುಘಟ್ಟ, ರಾಮನಗರ, ತುಮಕೂರಿನ ಕಡೆ ಹೊರಗೆ ಕಟ್ಟಿಹಾಕಿದ ನಾಯಿ ಎಂದರೆ ಚಿರತೆಗೆ ಬಡಿಸಿಟ್ಟ ಎಲೆ.

ಇಂಥವರನ್ನು ಬೇಡವೆನ್ನುವುದು ಸುಲಭ. ಕಷ್ಟವಾಗುವುದು ಒಳ್ಳೆಯವರು ಬಂದಾಗ. ಚಕ್ಕುಲಿಗಾಗಿ ಬಂದ ಮೊದಲ ಒಳ್ಳೆಯ ಮನೆ ನಿವೃತ್ತ ದಂಪತಿಯದು. ಸ್ವಂತ ಮನೆ, ಹಿಂದೆ ನಾಯಿ ಸಾಕಿದ್ದರು, ಅದು ಹದಿನೈದು ವರ್ಷ ಬದುಕಿತ್ತು. ನನಗೆ ಅವರ ತಾರಸಿಯ ಗೋಡೆ ಗಿಡ್ಡವಾಗಿ ಕಂಡಿತು. ಆಮೇಲೆ ಅವರ ವಯಸ್ಸು ಹೆಚ್ಚೆನಿಸಿತು. ಆಮೇಲೆ, ಆಕೆ ಚಕ್ಕುಲಿಯನ್ನು ಎತ್ತಿಕೊಂಡ ರೀತಿ ಸರಿಯಿಲ್ಲ ಎನಿಸಿತು. ರಾತ್ರಿ ಇದನ್ನೆಲ್ಲ ಒಪ್ಪಿಸುತ್ತಿದ್ದಾಗ ನನ್ನ ಗಂಡ ಪತ್ರಿಕೆಯಿಂದ ತಲೆಯೆತ್ತದೆ ‘ನೀನು ಹುಡುಕುತ್ತಿರುವುದು ಮನೆಯನ್ನೋ ನೆಪವನ್ನೋ?’ ಎಂದರು. ಮರುದಿನ ಫೋನ್ ಮಾಡುವಷ್ಟರಲ್ಲಿ ಆ ದಂಪತಿ ಬೇರೆ ಮರಿಯನ್ನು ತಂದುಕೊಂಡಿದ್ದರು. ಆ ಮರಿಗೆ ಒಳ್ಳೆಯದಾಯಿತು ಬಿಡಿ.

ಅಂದಿನಿಂದ ಷರತ್ತುಗಳನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಅದರಲ್ಲಿ ಇಲ್ಲದ ಕಾರಣಕ್ಕೆ ಯಾರನ್ನೂ ಬಿಡುವಂತಿಲ್ಲ. ನನ್ನ ಪಟ್ಟಿ ಇಷ್ಟೇ:

- ಮನೆಯ ಪ್ರತಿಯೊಬ್ಬರೂ ಒಪ್ಪಿರಬೇಕು, ಮುಖ್ಯವಾಗಿ ಹಗಲು ಮನೆಯಲ್ಲಿರುವವರು.
- ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಇರಬೇಕು. (ಸ್ವಂತ ಫ್ಲ್ಯಾಟ್ ಇದ್ದವರನ್ನು ಸಂಘದವರು ಹೆದರಿಸಿದರೆ, ಸಾಕುನಾಯಿಗಳನ್ನು ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಕ್ಕೆ ಇಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಮಾರ್ಗಸೂಚಿಯಲ್ಲೇ ಹೇಳಿದೆ.)
- ಹಗಲಿಡೀ ಸರಪಳಿಯಲ್ಲಿ ಕಟ್ಟಿಹಾಕಬಾರದು.
- ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು, ಉಳಿದ ಲಸಿಕೆ ಹಾಕಿಸಬೇಕು.
- ಸಾಕಲಾಗದಿದ್ದರೆ ಮತ್ತೊಬ್ಬರಿಗೆ ದಾಟಿಸದೆ ನನಗೇ ಹಿಂದಿರುಗಿಸಬೇಕು.

ಮನೆಗೆ ಹೋಗಿ ನೋಡುವುದು ಕಡ್ಡಾಯ. ಸಾಧ್ಯವಾದರೆ ನಿಮಗಿಂತ ತಣ್ಣಗೆ ಯೋಚಿಸುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಕಾಲವನ್ನೂ ನೋಡಿಕೊಳ್ಳಿ. ದೀಪಾವಳಿಯ ಹಿಂದಿನ ಎರಡು ವಾರ, ಗಣೇಶನ ಮೆರವಣಿಗೆಯ ದಿನಗಳಲ್ಲಿ ನಾಯಿಯನ್ನು ಹೊಸ ಮನೆಗೆ ಕಳುಹಿಸಬೇಡಿ. ಪಟಾಕಿಗೆ ಬೆದರಿ ಓಡಿದ ನಾಯಿಗೆ ವಾಪಸು ಬರಲು ಆ ಮನೆಯ ದಾರಿ ಇನ್ನೂ ಗೊತ್ತಿರುವುದಿಲ್ಲ. ‘ಆಷಾಢ ಕಳೆಯಲಿ, ಶ್ರಾವಣಕ್ಕೆ ಒಯ್ಯುತ್ತೇವೆ’ ಎಂದವರೂ ನನಗೆ ಸಿಕ್ಕಿದ್ದಾರೆ. ಒಪ್ಪಿಕೊಂಡೆ. ಒಂದು ತಿಂಗಳು ಹೆಚ್ಚಿಗೆ ಸಿಕ್ಕಿತಲ್ಲ ಎಂದು ಒಳಗೊಳಗೇ ಖುಷಿಪಟ್ಟದ್ದೂ ಹೌದು.

6. ಹೋಗುವುದು ಬೀದಿಗೇ ಆದರೆ

ಎಲ್ಲ ನಾಯಿಗಳೂ ಮನೆಗೆ ಹೋಗುವುದಿಲ್ಲ. ಬೆಳೆದ ಬೀದಿನಾಯಿಗೆ ಅದರ ಬೀದಿಯೇ ಮನೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರವೂ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಆವರಣಗಳಿಂದ ಹಿಡಿದವನ್ನು ಅಲ್ಲಿಗೇ ಬಿಡಕೂಡದು ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ, ನಿಮ್ಮ ನಾಯಿ ಸಿಕ್ಕಿದ್ದು ಎಲ್ಲಿ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಬರೆದಿಟ್ಟುಕೊಳ್ಳಿ.

ಚಹಾ ಅಂಗಡಿಯೊಂದರ ಮುಂದೆ ಇರುತ್ತಿದ್ದ ಕರಿಯ ನಮ್ಮಲ್ಲಿ ಐದು ವಾರ ಇದ್ದ, ಕಾಲಿಗೆ ಪಟ್ಟಿ ಹಾಕಿಸಿಕೊಂಡು. ಮೆತ್ತಗಿನ ಹಾಸಿಗೆ, ಹೊತ್ತು ಹೊತ್ತಿಗೆ ಊಟ. ಇವನನ್ನು ಮತ್ತೆ ಲಾರಿಗಳ ನಡುವೆ ಬಿಡುವುದೇ ಎಂದು ನಾನು ನಾಲ್ಕು ದಿನ ಊಟ ಬಿಟ್ಟಿದ್ದೆ. ಆಟೊ ನಿಂತ ಕೂಡಲೇ ಕರಿಯ ನನ್ನ ಮಡಿಲಿನಿಂದ ಹಾರಿದ, ಬೆಂಚುಗಳ ಕೆಳಗೆ ನುಗ್ಗಿ ಪ್ರತಿಯೊಂದು ಕಾಲನ್ನೂ ಮೂಸಿದ, ಅಂಗಡಿಯವರ ಹತ್ತಿರ ಹೋಗಿ ನೆಲಕ್ಕೆ ಬಿದ್ದು ಹೊರಳಾಡಿದ. ನನ್ನತ್ತ ಒಮ್ಮೆಯೂ ತಿರುಗಲಿಲ್ಲ. ‘ಎಲ್ಲಿಗೆ ಹೋಗಿದ್ದೆಯೋ ಮಾರಾಯ, ಬನ್ ಎಲ್ಲ ಹಾಗೇ ಉಳಿಯುತ್ತಿತ್ತು’ ಎಂದು ಅಂಗಡಿಯವರು ಅವನನ್ನೇ ಕೇಳುತ್ತಿದ್ದರು. ತಿರುಗಿ ನೋಡಿದರೆ ಒಂದು ಸಂಕಟ, ನೋಡದಿದ್ದರೆ ಇನ್ನೊಂದು. ಎರಡನೆಯದಕ್ಕೆ ಯಾರೂ ನಮ್ಮನ್ನು ತಯಾರು ಮಾಡಿರುವುದಿಲ್ಲ.

ಬೀದಿಗೆ ಮರಳಿಸುವಾಗ: ಕೊನೆಯ ವಾರ ಮನೆಯೊಳಗಿನ ಹೊತ್ತು ಕಡಿಮೆ ಮಾಡಿ, ಬಾಲ್ಕನಿ ಅಥವಾ ಅಂಗಳದಲ್ಲಿ ಹೆಚ್ಚು ಬಿಡಿ. ಬಿಡುವುದು ಬೆಳಗಿನ ಹೊತ್ತು ಆಗಲಿ, ಅದಕ್ಕೆ ಗೊತ್ತಿರುವ ಜನ ಅಲ್ಲಿರುವಾಗ. ಸರಿಯಾಗಿ ಹಿಡಿದ ಜಾಗದಲ್ಲೇ ಬಿಡಿ. ನೂರು ಮೀಟರ್ ಆಚೆ ಬಿಟ್ಟರೆ ಅದು ಬೇರೆ ನಾಯಿಗಳ ಸೀಮೆ. ಊಟ ಹಾಕುವವರ ಕೈಗೆ ಲಸಿಕೆಯ ಕಾರ್ಡಿನ ಪ್ರತಿ ಕೊಡಿ. ಮೂರನೆಯ ದಿನ ಒಮ್ಮೆ ಹೋಗಿ ಗಾಯ ನೋಡಿ ಬನ್ನಿ. ದಿನವೂ ಹೋದರೆ ಅದು ನಿಮ್ಮ ಗಾಡಿಯ ಹಿಂದೆ ರಸ್ತೆಗೆ ಓಡಿ ಬರಲು ಕಲಿಯುತ್ತದೆ.

7. ಕೊನೆಯ ವಾರ

ನೋಟ್‌ಬುಕ್ಕಿನ ಉಳಿದ ಪುಟಗಳು ಈಗ ಬೇಕಾಗುತ್ತವೆ. ಹೊಸ ಮನೆಯವರಿಗೆಂದು ನಾಯಿಯ ದಿನಚರಿ ಬರೆಯಿರಿ. ಯಾವಾಗ ಉಚ್ಚೆಗೆ ಹೋಗುತ್ತದೆ, ಯಾವ ಸದ್ದಿಗೆ ಹೆದರುತ್ತದೆ, ಕಿವಿಯ ಹಿಂದೆ ಕೆರೆದರೆ ಇಷ್ಟವೋ ಹೊಟ್ಟೆ ಕೆರೆದರೆ ಇಷ್ಟವೋ. ಚಕ್ಕುಲಿಯ ಬಗ್ಗೆ ನಾನು ಬರೆದದ್ದು ಒಂಬತ್ತು ಪುಟ. ಕುಕ್ಕರಿನ ಮೂರನೆಯ ಸೀಟಿಗೆ ಮಾತ್ರ ಬೊಗಳುತ್ತಾಳೆ, ಮೊದಲೆರಡಕ್ಕೆ ಬೊಗಳುವುದಿಲ್ಲ ಎಂಬುದನ್ನೂ ಬರೆದೆ. ಇದು ಅವರಿಗೆ ಎಷ್ಟು ಉಪಯೋಗವಾಯಿತೋ, ನನಗಂತೂ ಆಯಿತು. ನನಗೊಬ್ಬಳಿಗೇ ಗೊತ್ತಿದ್ದ ಸಂಗತಿಗಳು ಕಾಗದಕ್ಕೆ ಇಳಿದ ಮೇಲೆ, ಅವಳನ್ನು ನೋಡಿಕೊಳ್ಳಲು ನಾನೇ ಬೇಕೆಂಬ ಭ್ರಮೆ ಸಡಿಲವಾಯಿತು.

ಮಕ್ಕಳಿಗೆ ಸುಳ್ಳು ಹೇಳಬೇಡಿ. ‘ಸುತ್ತಾಡಲು ಹೋಗಿದೆ, ಬರುತ್ತದೆ’ ಎಂದರೆ ಅವರು ದಿನವೂ ಗೇಟಿನ ಹತ್ತಿರ ಕಾಯುತ್ತಾರೆ. ತಾರೀಖು, ಊರು, ಹೊಸ ಮನೆಯವರ ಹೆಸರು ಎಲ್ಲ ಹೇಳಿ. ನೋಟ್‌ಬುಕ್ಕಿನಲ್ಲಿ ಒಂದು ಪುಟ ಅವರಿಗೆ ಬಿಡಿ. ನಮ್ಮ ಮಗ ತನ್ನ ಪುಟದಲ್ಲಿ ‘ಇವಳಿಗೆ ಚೆಂಡು ಬೇಡ, ಕಾಲುಚೀಲ ಕೊಡಿ’ ಎಂದಷ್ಟೇ ಬರೆದು, ಒಂದು ಕಾಲುಚೀಲವನ್ನು ಪಿನ್ ಮಾಡಿದ್ದ.

ಇನ್ನು, ಆ ಕೊನೆಯ ವಾರದಲ್ಲಿ ‘ಹೇಗಿದ್ದರೂ ಹೋಗುತ್ತದೆ’ ಎಂದು ನಿಯಮಗಳನ್ನೆಲ್ಲ ಗಾಳಿಗೆ ತೂರಬೇಡಿ. ಹಾಸಿಗೆ ಬೇಡವೆಂದಿದ್ದರೆ ಆಗಲೂ ಬೇಡ.

8. ಹೊರಡುವ ದಿನ

ಪ್ರಯಾಣಕ್ಕೆ ಮೂರು ನಾಲ್ಕು ಗಂಟೆ ಮುಂಚೆ ಹಗುರವಾಗಿ ಊಟ ಹಾಕಿ, ಆಮೇಲೆ ನೀರು ಮಾತ್ರ. ಚಕ್ಕುಲಿಯ ಮನೆ ಮೈಸೂರಿನಲ್ಲಿ. ಮೂರು ಗಂಟೆಯ ಕಾರಿನ ದಾರಿಯಲ್ಲಿ ಬಿಡದಿ ದಾಟುವ ಮುಂಚೆಯೇ ಬೆಳಗಿನ ಗುಟ್ಟು ಹೊರಬಂತು. ಅತ್ತೆಯವರು ಬೀಳ್ಕೊಡುಗೆಗೆಂದು ಹಾಲು ಕುಡಿಸಿದ್ದರು.

ಅವರು ಬಂದು ಒಯ್ಯುವುದಕ್ಕಿಂತ ನೀವೇ ಹೋಗಿ ಬಿಟ್ಟು ಬರುವುದು ಒಳ್ಳೆಯದು. ನಿಮ್ಮ ಮನೆಯಿಂದ ನಾಯಿಯನ್ನು ಯಾರೋ ಎತ್ತಿಕೊಂಡು ಹೋದ ಚಿತ್ರ ಕಣ್ಣಿನಿಂದ ಹೋಗುವುದಿಲ್ಲ. ಅದರ ಬದಲು, ಅದು ಹೊಸ ಮನೆಯ ಮೂಲೆಗಳನ್ನು ಮೂಸುತ್ತಿದ್ದ ಚಿತ್ರ ಉಳಿಯಲಿ. ಜೊತೆಗೆ ಒಯ್ಯಬೇಕಾದದ್ದು: ಲಸಿಕೆಯ ಕಾರ್ಡು, ದಿನಚರಿ, ಐದಾರು ದಿನಕ್ಕಾಗುವಷ್ಟು ಈಗ ತಿನ್ನುತ್ತಿರುವ ಆಹಾರವೇ (ಹೊಸದನ್ನು ಒಂದು ವಾರದಲ್ಲಿ ಸ್ವಲ್ಪ ಸ್ವಲ್ಪವಾಗಿ ಬೆರೆಸಲಿ), ಒಗೆಯದ ಹೊದಿಕೆ. ಒಗೆಯದಿರುವುದು ಮುಖ್ಯ, ಅದರಲ್ಲಿ ನಿಮ್ಮ ಮನೆಯ ವಾಸನೆ ಇರುತ್ತದೆ. ಕೊರಳಪಟ್ಟಿಯ ಬಿಲ್ಲೆಯಲ್ಲಿ ಅವರ ಮೊಬೈಲ್ ಸಂಖ್ಯೆಯ ಜೊತೆ ನಿಮ್ಮದೂ ಇರಲಿ. ಮೊದಲ ಕೆಲವು ದಿನ ಹೊರಗೆ ಕರೆದೊಯ್ಯುವಾಗ ಎದೆಪಟ್ಟಿ ಮತ್ತು ಕೊರಳಪಟ್ಟಿ ಎರಡಕ್ಕೂ ಹಗ್ಗ ಹಾಕಲು ಹೇಳಿ. ನಾಯಿ ತಪ್ಪಿಸಿಕೊಂಡು ಕಳೆದುಹೋಗುವುದು ಹೆಚ್ಚಾಗಿ ಈ ದಿನಗಳಲ್ಲೇ.

ಅಲ್ಲಿ ಒಂದು ಗಂಟೆ ಇರಿ, ಹೆಚ್ಚು ಬೇಡ. ಕಾಫಿ ಕುಡಿಯಿರಿ, ನಾಯಿಯನ್ನು ಅದರ ಪಾಡಿಗೆ ಬಿಡಿ. ಹೊರಡುವಾಗ ಅಪ್ಪಿಕೊಂಡು ಅಳಬೇಡಿ. ನಾಯಿ ನಿಮ್ಮ ಮುಖ ನೋಡಿ ಏನೋ ಕೆಟ್ಟದ್ದು ನಡೆಯುತ್ತಿದೆ ಎಂದುಕೊಳ್ಳುತ್ತದೆ, ಹೊಸ ಮನೆಯವರಿಗೆ ಕಸಿದುಕೊಂಡ ಅಪರಾಧಿ ಭಾವ ಬರುತ್ತದೆ. ಕಾರಿನಲ್ಲಿ ಅಳಿ. ನಾನು ಶ್ರೀರಂಗಪಟ್ಟಣ ದಾಟುವವರೆಗೆ ತಡೆದುಕೊಂಡಿದ್ದೆ. ಕಾರು ಓಡಿಸಲು ಬೇರೊಬ್ಬರು ಇರಲಿ ಎಂಬುದನ್ನು ಇಲ್ಲಿಯೇ ಸೇರಿಸಿಬಿಡುತ್ತೇನೆ.

9. ಆ ರಾತ್ರಿ, ಆ ವಾರ

ಮನೆ ಬಿಕೋ ಎನ್ನುತ್ತದೆ. ಹಾಲು ಉಕ್ಕಿದರೂ ಯಾರೂ ಬೊಗಳುವುದಿಲ್ಲ. ಮಲಗಿದ್ದೀತು ಎಂದು ಕತ್ತಲಲ್ಲಿ ಕಾಲನ್ನು ನೋಡಿ ನೋಡಿ ಇಡುತ್ತೀರಿ. ಆ ರಾತ್ರಿ ಏನನ್ನೂ ತೊಳೆಯಲು ಹೋಗಬೇಡಿ, ತಟ್ಟೆ ಚಾಪೆ ಇದ್ದಲ್ಲೇ ಇರಲಿ. ಮರುದಿನ ಬೆಳಕಿನಲ್ಲಿ ತೊಳೆಯಿರಿ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಅದೂ ಹುಡುಕುತ್ತದೆ. ಗುಂಡಣ್ಣ ಎರಡು ದಿನ ಚಕ್ಕುಲಿಯ ಚಾಪೆಯ ಮೇಲೆ ಮಲಗಿದ, ಮೂರನೆಯ ದಿನ ತನ್ನ ಜಾಗಕ್ಕೆ ಹೋದ. ಅವನನ್ನು ಎಂದಿನ ಹೊತ್ತಿಗೇ ವಾಕಿಂಗ್‌ಗೆ ಕರೆದೊಯ್ದೆ. ಅವನಿಗಾಗಿ ಎಂದುಕೊಂಡು ನಾನೂ ಮನೆಯಿಂದ ಹೊರಬಿದ್ದೆ.

ಫೋನಿನ ಬಗ್ಗೆ ಮೊದಲೇ ಮಾತಾಡಿಕೊಳ್ಳಿ. ನಮ್ಮ ವಲಯದಲ್ಲಿ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಲೆಕ್ಕವಿದೆ. ಮೂರು ದಿನ ನಾಯಿಗೆ ದಿಗಿಲು, ಮೂರು ವಾರಕ್ಕೆ ಮನೆಯ ವೇಳಾಪಟ್ಟಿ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಎಂಬ ಧೈರ್ಯ. ಎಲ್ಲ ನಾಯಿಗಳೂ ಇದನ್ನು ಪಾಲಿಸುವುದಿಲ್ಲ, ಆದರೂ ಮನುಷ್ಯರನ್ನು ತಡೆಯಲು ಒಳ್ಳೆಯ ಲೆಕ್ಕ. ನಾನು ಕೇಳಿಕೊಳ್ಳುವುದು ಮೊದಲ ರಾತ್ರಿ ಒಂದು ಸಂದೇಶ, ಆಮೇಲೆ ಈ ಮೂರು ಗಡುವಿಗೆ ಒಂದೊಂದು ಫೋಟೊ. ನಡುವೆ ಅವರಿಗೆ ಏನಾದರೂ ಕೇಳುವುದಿದ್ದರೆ ಯಾವ ಹೊತ್ತಿನಲ್ಲಾದರೂ ಕೇಳಲಿ. ನಾನಾಗಿ ಕರೆ ಮಾಡುವುದಿಲ್ಲ.

ಮೊದಲ ರಾತ್ರಿ ‘ಅಳುತ್ತಿದ್ದಾಳೆ, ಊಟ ಮುಟ್ಟಿಲ್ಲ’ ಎಂಬ ಸಂದೇಶ ಬಂದೇ ಬರುತ್ತದೆ. ‘ವಾಪಸ್ ತಂದುಬಿಡಿ’ ಎಂಬ ಮಾತು ನಿಮ್ಮ ಬೆರಳ ತುದಿಯಲ್ಲಿ ನಿಂತಿರುತ್ತದೆ. ಟೈಪ್ ಮಾಡಬೇಡಿ. ದೊಡ್ಡ ನಾಯಿಗಳು ಒಂದು ದಿನ ಊಟ ಬಿಟ್ಟರೆ ಗಾಬರಿಯಿಲ್ಲ. ಚಿಕ್ಕ ಮರಿ ಬಿಟ್ಟರೆ, ವಾಂತಿ ಭೇದಿ ಇದ್ದರೆ, ಅಂದೇ ವೈದ್ಯರಿಗೆ ತೋರಿಸಬೇಕು. ಇಷ್ಟನ್ನು ಹೇಳಿ, ಹೊದಿಕೆಯನ್ನು ಹತ್ತಿರ ಇಡಲು ಹೇಳಿ, ಫೋನ್ ಪಕ್ಕಕ್ಕಿಡಿ.

ಮೂರು ತಿಂಗಳ ನಂತರ ನಾನು ಮೈಸೂರಿಗೆ ಹೋಗಿದ್ದೆ. ಗೇಟಿನ ಬಳಿ ನಿಂತ ನನ್ನನ್ನು ಚಕ್ಕುಲಿ ಬೊಗಳಿ ತಡೆದಳು. ಅವಳ ಮನೆ, ಅವಳ ಗೇಟು, ನಾನು ಪರಕೀಯಳು. ಕೈ ಚಾಚಿದೆ, ಮೂಸಿದಳು, ಆಮೇಲೆ ಬಾಲದ ಚಕ್ಕುಲಿ ಬಿಚ್ಚಿಹೋಗುವಂತೆ ಕುಣಿದಳು. ಐದು ನಿಮಿಷ ಅಷ್ಟೇ. ಒಳಗೆ ಕುಕ್ಕರ್ ಸೀಟಿ ಹಾಕುತ್ತಿತ್ತು. ಮೂರನೆಯದಕ್ಕೆ ನನ್ನನ್ನು ಬಿಟ್ಟು ಒಳಗೆ ಓಡಿದಳು.

ಹಿಂದಕ್ಕೆ ಬಂದ ನಾಯಿಯ ವಿಷಯ ಒಂದೇ ಮಾತಿನಲ್ಲಿ ಹೇಳುವುದಾದರೆ, ಬೈಯದೆ ಕರೆದುಕೊಳ್ಳಿ. ಬೈದರೆ ಮುಂದಿನ ಸಲ ಅವರು ಹಿಂದಿರುಗಿಸುವುದಿಲ್ಲ, ಎಲ್ಲೋ ಬಿಟ್ಟುಬಿಡುತ್ತಾರೆ. ಅಲ್ಲಿ ಏನು ಹೊಂದಲಿಲ್ಲ ಎಂದು ಕೇಳಿ ನೋಟ್‌ಬುಕ್ಕಿಗೆ ಸೇರಿಸಿ. (ನಮ್ಮಲ್ಲೇ ಇದ್ದು ತೀರಿಕೊಂಡ ಮರಿಯ ದುಃಖ ಬೇರೆಯ ಜಾತಿಯದು, ಅದನ್ನು ಇಲ್ಲಿ ಬೆರೆಸುವುದಿಲ್ಲ.)

ಎರಡು ವಾರ ಕಳೆದರೂ ನಿದ್ದೆ ಊಟ ಸರಿಹೋಗದಿದ್ದರೆ, ಹಳೆಯ ಯಾವುದೋ ಅಗಲಿಕೆ ಈ ನಾಯಿಯ ಬೆನ್ನೇರಿ ಬಂದಿರಬಹುದು. ನನಗೆ ನಾಲ್ಕನೆಯ ನಾಯಿ ಹೋದಾಗ ಹಾಗಾಗಿತ್ತು. ಅಪ್ಪ ತೀರಿಕೊಂಡು ಆಗ ಆರು ತಿಂಗಳು. ಯಾರ ಬಳಿಯಾದರೂ ಮಾತಾಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ನಾಯಿಗಾಗಿ ಫೋನ್ ಮಾಡುವುದೇ ಎಂದು ನಾಚಿಕೊಳ್ಳಬೇಡಿ.

10. ಮುಂದಿನದು

ಒಂದು ಹೋದ ಮಾರನೆಯ ದಿನವೇ ಇನ್ನೊಂದನ್ನು ತರುವವರಿದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಹೊಸ ಮರಿಯನ್ನು ಹಳೆಯದರ ಜೊತೆ ಹೋಲಿಸುತ್ತಲೇ ಹದಿನೈದು ದಿನ ಕಳೆದುಹೋಗುತ್ತವೆ. ಹದಿನೈದು ದಿನ ಖಾಲಿ ಬಿಡುವುದು ನನ್ನ ರೂಢಿ. ಹೋದ ಮರಿಗೆ ಪಾರ್ವೋ ಬಂದಿದ್ದರೆ ಮಾತ್ರ ಈ ಲೆಕ್ಕ ಬೇರೆ. ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಒಂದು ಪಾಲು ಬ್ಲೀಚ್‌ಗೆ ಮೂವತ್ತು ಪಾಲು ನೀರು ಬೆರೆಸಿ ನೆಲ, ತಟ್ಟೆ ಎಲ್ಲ ತೊಳೆದರೂ, ಲಸಿಕೆಯಾಗದ ಮರಿಯನ್ನು ಒಂದು ವರ್ಷ ಆ ಮನೆಗೆ ತರದಿರುವುದು ಕ್ಷೇಮ. ಲಸಿಕೆ ಪೂರ್ತಿಯಾದ ದೊಡ್ಡ ನಾಯಿ ಬರಬಹುದು.

ಮಾಗಡಿ ರಸ್ತೆಯ ಚರಂಡಿಯಲ್ಲಿ ಒಂದು ಮರಿ ಸಿಕ್ಕಿದೆ, ಇಟ್ಟುಕೊಳ್ಳುತ್ತೀರಾ ಎಂದು ಫೋನ್ ಬಂದದ್ದು ಹನ್ನೆರಡನೆಯ ದಿನ. ಇನ್ನು ಮೂರು ದಿನ ಬಿಟ್ಟು ಹೇಳುತ್ತೇನೆ ಎಂದೆ. ಅತ್ತೆಯವರು ಅಡುಗೆಮನೆಯಿಂದ, ನಾಳೆಯಿಂದ ಅರ್ಧ ಲೀಟರ್ ಹೆಚ್ಚಿಗೆ ಹಾಕಲು ಹಾಲಿನವನಿಗೆ ಹೇಳಲೇ ಎಂದು ಕೇಳಿದರು. ಹಾಲು ಬೇಡ ಎಂದು ಎಷ್ಟನೆಯ ಸಲವೋ ಹೇಳಿದೆ.